ನಾನಲ್ಲ

ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ
ಮಗ್ಗದ ಸದ್ದು ಯಾರಿಗೂ ಕೇಳುವುದಿಲ್ಲ.
ನಿಂತರೆ ಕೇಳುತ್ತದೆ.
ನಲವತ್ತೆಂಟರಲ್ಲಿ ಒಂದು ನಿಂತರೆ ಸಾಕು,
ಚಹಾದ ಬಶಿ ಬಾಯಿಗಿಟ್ಟ ಜಾಬರ್ ಮಲಂಗ
ತಲೆ ಎತ್ತಿ ಅನ್ನುತ್ತಾನೆ: ಮೂವತ್ತೊಂದು.

ನನಗೂ ಹಾಗೇ ಆಯಿತು, ಗುರುವಾರ.
ರೀಗಾದ ಇಲ್ಜೆ ಬಾಯಿ ನಾಲ್ಕು ದಿನದಿಂದ ಸುಮ್ಮನಿದ್ದಳು.
ಟವೆಲ್ಲಿನ ಅಂಚು ಅರ್ಧ ಸೆಂಟಿ ಕಮ್ಮಿ ಬಂದರೆ
ಅರ್ಧ ತಾಸಿಗೊಂದು ಪತ್ರ ಹಾಕುವ ಹೆಂಗಸು,
ಮಾಲು ಹಡಗೇರುವ ವಾರ
ಒಂದು ಮಾತಿಲ್ಲ.

ಮನೆಯಲ್ಲಿ ಕನ್ನಡ, ರಿಕ್ಷಾದಲ್ಲಿ ಮರಾಠಿ,
ಚಿಲವೇರಿ ಶೇಠರ ಮುಂದೆ ನಾಲ್ಕಾಣೆ ತೆಲುಗು,
ಮೇಲ್‌ನಲ್ಲಿ ಮಾತ್ರ ಇಂಗ್ಲಿಷು,
ಹನ್ನೆರಡು ವರ್ಷ ಬಿಚ್ಚಿ ಹೊಲಿದು ಮೈಗೆ ಕೂತದ್ದು.
ಅದನ್ನೇ ಯಾರೋ ತೊಟ್ಟು ಕೂತಿದ್ದ.

ಸೆಟ್ಟಿಂಗಿನ ಒಳಗಿನ ಒಳಕೋಣೆಯಲ್ಲಿ
ನಾನು ಬರೆಯದ ಒಂದು ನಿಯಮ:
‘ಬ್ಯಾಂಕ್’ ಎಂಬ ಶಬ್ದವಿದ್ದ ಪತ್ರವೆಲ್ಲ
ಓದಿದಂತೆ ಗುರುತು ಮಾಡಿ
ಯಾರೂ ತೆರೆಯದ ಫೋಲ್ಡರಿಗೆ ಹಾಕು.
ಬಿದ್ದಿದ್ದವು. ಹದಿನೇಳು.

ನನ್ನ ಹೆಸರು, ನನ್ನ ಸಹಿ,
‘ರಿಸೀವ್’ ಬರೆವಾಗ ನಾನು ತಪ್ಪುವ ಅಕ್ಷರ ಕೂಡ.
ಖಾತೆಯ ನಂಬರು ಮಾತ್ರ ಅವನದು.
ಯಾಕೆ ಬದಲಾಯಿತು? ಕೇಳಿದ್ದಳು ಇಲ್ಜೆ.
ಆಡಿಟ್ ನಡೆದಿದೆ, ತಾಯಿಗೆ ಆರಾಮಿಲ್ಲ, ದಯವಿಟ್ಟು ಬೇಗ.
ಅವ್ವನ ಮೊಣಕಾಲಿನ ಸುದ್ದಿ
ಹೋದ ತಿಂಗಳು ನಾನೇ ಆಕೆಗೆ ಬರೆದಿದ್ದೆ.
ಅದನ್ನೂ ಬಿಟ್ಟಿರಲಿಲ್ಲ, ಸುಡುಗಾಡವ.

ಕೈ ಕೀಲಿಮಣೆಗೆ ಹೋಯಿತು. ತಡೆದೆ.
ಅವನ ಕಿಸೆಯಲ್ಲಿರುವ ಬಾಯಿಂದ ಏನು ಕೂಗುವುದು?
ಕಪಾಟಿನ ರಟ್ಟಿನ ಫೈಲು ತೆಗೆದೆ,
ಗೆದ್ದಲು ತಿಂದುಳಿದ ಮೂಲೆಯಲ್ಲಿ ಆಕೆಯ ಕಾರ್ಡು.
ರೀಗಾದಲ್ಲಿ ಬೆಳಕು ಹರಿದಿತ್ತೋ ಇಲ್ಲವೋ,
ನಿದ್ದೆಗಣ್ಣಿನ ದನಿ.
‘ಇಲ್ಜೆ, ಆ ಪತ್ರ ನನ್ನದಲ್ಲ.’
‘ಯಾವುದು?’
‘ಸೋಮವಾರದಿಂದೀಚೆ ಯಾವುದೂ.’

ಮೊದಲ ಕಂತು ಹೋಗಿಯಾಗಿತ್ತು.
ಎರಡನೆಯದು ಅವಳ ಬ್ಯಾಂಕಿನ ಹೊಸ್ತಿಲಲ್ಲೇ ನಿಂತಿತು.

ನಿಯಮ ಅಳಿಸುವ ಮೊದಲು ಅದರ ಫೋಟೊ.
ಹೊಸ ಪಾಸ್‌ವರ್ಡು. ಒಳಗಿದ್ದವರೆಲ್ಲ ಹೊರಗೆ, ನಾನೂ.
ಪೊಲೀಸರಿಗೆ, ನಮ್ಮ ಬ್ಯಾಂಕಿಗೆ, ಹೇಳಿದ್ದನ್ನೇ ಹೇಳಿ ಹೇಳಿ,
ಕಡೆಗೆ ಶೇಠರಿಗೆ.
ಹಡಗಿನ ರಸೀದಿ ಅಂತ ಬಂದ ಲಿಂಕು,
ಸಂಜೆ ಆರೂ ನಲವತ್ತು, ಬಸ್ಸಿನ ಅವಸರ,
ಪಾಸ್‌ವರ್ಡು ಕೇಳಿತು, ಕೊಟ್ಟೆ. ನಾನೇ, ಈ ಕೈಯಿಂದ.
ಅವರು ಕನ್ನಡಕ ತೆಗೆದು ಸ್ಯಾಂಪಲ್ ಟವೆಲ್ಲಿನಲ್ಲಿ
ಬಹಳ ಹೊತ್ತು ಒರೆಸಿದರು.
‘ಇನ್ಯಾರಿಗೆ ಬರೆದಿದ್ದಾನೆ ನೋಡು’ ಅಂದರು, ಅಷ್ಟೇ.
ಬೈದಿದ್ದರೆ ಹಗುರಾಗುತ್ತಿತ್ತು.

ಮೂವತ್ತಾರು ಗಿರಾಕಿಗಳಿಗೆ ಫೋನು ಮಾಡಿದೆ.
ಖಾತೆ ಬದಲಾಗಿದೆ ಅಂತ ನಾನೇ ಬರೆದರೂ ನಂಬಬೇಡಿ,
ನನ್ನ ದನಿ ಕೇಳಿ, ಆಮೇಲೆ ನೋಡಿ.
ನನ್ನನ್ನು ನಂಬಬೇಡಿ ಅನ್ನುತ್ತ ಅನ್ನುತ್ತ
ಗಂಟಲು ಬಿದ್ದುಹೋಯಿತು.

ಈಗ ಒಳಹೋಗುವಾಗೆಲ್ಲ ಮೊಬೈಲು ಕೇಳುತ್ತದೆ: ನೀವೇನಾ?
ಹೌದು ಒತ್ತುತ್ತೇನೆ.

ನಿನ್ನೆ ರಾತ್ರಿ ಮೂರೂ ಹನ್ನೆರಡಕ್ಕೆ
ದಿಂಬಿನ ಬದಿಗೆ ಬೆಳಗಿತು: ನೀವೇನಾ?
ಅಲ್ಲ, ಒತ್ತಿದೆ.
ಕತ್ತಲಲ್ಲಿ ಅವ್ವ, ‘ಯಾರs ಮಹಾನಂದಾ?’
‘ನಾನಲ್ಲ. ಮಲಕೋ.’
ಬೆಳಿಗ್ಗೆ ಎದ್ದು ಮತ್ತೆ ಕೀಲಿ ಬದಲಿಸಬೇಕು.
ದೂರದಲ್ಲಿ ರಾತ್ರಿ ಪಾಳಿಯ ಮಗ್ಗಗಳು.
ಕಿವಿಗೊಟ್ಟೆ. ಏನೂ ಕೇಳಲಿಲ್ಲ,
ಎಲ್ಲಾ ನಡೆದಿದ್ದವು.