ಒರೆಸದೆ ಬಿಟ್ಟದ್ದು

ರುಸ್ತಾವಿಯ ಹಳೇ ಕಾರುಗಳ ಬಯಲಿನಲ್ಲಿ
ಒಳಗು ತೊಳೆಯುವುದು ನನ್ನ ಕೆಲಸ.
ಹಡಗಿಳಿದು ಬಂದ ನೀಲಿ ಕಾರು.
ಬಾನೆಟ್ಟು ಹೊಸದು, ಬಣ್ಣ ಹೊಸದು,
ಸೀಟಿನ ಸಂದಿಯಲ್ಲಿ ಯಾರದೋ ಮಗುವಿನ ಬಿಸ್ಕತ್ತುಪುಡಿ.

ಬೆಲ್ಟು ಎಳೆದೆ. ಬಂತು.
ಬಿಟ್ಟೆ. ಹಿಂದಕ್ಕೆ ಹೋಗಲಿಲ್ಲ,
ಬಿಚ್ಚಿದ ಲಾಡಿಯ ಹಾಗೆ ಜೋತಿತು.
ಎದೆಯೆತ್ತರದಲ್ಲಿ ಒಂದು ಗೇಣು
ನೇಯ್ಗೆ ಕರಗಿ ಹೊಳೆಯುತ್ತಿದೆ:
ಯಾರದೋ ಇಡೀ ಭಾರ ಒಂದು ಕ್ಷಣ
ಅಲ್ಲಿ ನಿಂತಿತ್ತು.

ನುಗ್ಜಾರ್ ಬಂದು ಬರಿಯ ಕೊಂಡಿಯೊಂದನ್ನು ಚುಚ್ಚಿದ.
ಟಿಂಗ್ ಟಿಂಗ್ ನಿಂತಿತು.
"ನೋಡು ತ್ಸಿಯಾಲಾ, ಕಾರಿಗೆ ಸಮಾಧಾನ."

ನಾಳೆ ಬಟುಮಿಯಿಂದ ಗಿರಾಕಿ.
ಗಾಜು ಒರೆಸಿದೆ, ಬೂದಿಡಬ್ಬಿ ಒರೆಸಿದೆ,
ಬಿಸ್ಕತ್ತುಪುಡಿಯನ್ನೂ ಹೆಕ್ಕಿದೆ.
ಬೆಲ್ಟನ್ನು ಮಾತ್ರ ಕೊನೇ ಮೊಳದವರೆಗೂ ಎಳೆದು
ಚಾಲಕನ ಸೀಟಿನ ಮೇಲೆ ಹರವಿದೆ,
ಹೊಳೆವ ಗೇಣು ಮೇಲೆ ಕಾಣುವಂತೆ.

ಕೇಳಿದರೆ,
ತೊಳೆದಿದ್ದೇನೆ, ಒಣಗಲಿ ಅನ್ನುತ್ತೇನೆ.