ಖಾಲಿ ಗಾಡಿಯ ತೂಕ

ಹತ್ತೊಂಬತ್ತು ವರ್ಷ ಶ್ರೀನಿವಾಸಪುರ ರಸ್ತೆಯ
ಗಾಜಿನ ಗೂಡಲ್ಲಿ ಕೂತು
ಟೊಮೆಟೊ ಲಾರಿಗಳ ತೂಕ ಬರೆದವಳು ನಾನು.
ಡ್ರೈವರುಗಳ ಬಾಯಲ್ಲಿ ಕಾಟಾ ಅಕ್ಕ.
ಮನೆಯಲ್ಲಿ ಆ ದೀರ್ಘ ನುಂಗಿ ಕರೆಯುತ್ತಾರೆ,
ನಗುತ್ತಾರೆ. ನಾನೂ ನಗುತ್ತೇನೆ.

ಯುಗಾದಿ ಕಳೆದ ವಾರ ಹೊಸ ಯಂತ್ರ ಬಂತು.
ಕ್ಯಾಮೆರಾ ನಂಬರ್ ಪ್ಲೇಟು ಓದುತ್ತದೆ,
ಚೀಟಿ ತಾನೇ ನಾಲಿಗೆ ಚಾಚುತ್ತದೆ.
ಮಾಲೀಕರು ಒಂದು ತಿಂಗಳ ಸಂಬಳ, ಒಂದು ಸೀರೆ,
ಖರ್ಚಾಗದ ಆರು ಚೀಟಿ ಪುಸ್ತಕ ಕೊಟ್ಟರು.

ಕೊನೆಯ ರಾತ್ರಿ ಚಪ್ಪಲಿ ಬಿಟ್ಟು
ಕಾಟಾ ಮೇಲೆ ನಾನೇ ನಿಂತೆ.
ಅರವತ್ತು, ಅಂತು.
ಆಸ್ಪತ್ರೆಯ ತಕ್ಕಡಿಯಲ್ಲಿ ಐವತ್ತೇಳು.
ಲಾರಿ ತೂಗುವುದಕ್ಕೆ ಹತ್ತರ ಕೆಳಗೆ ಲೆಕ್ಕ ಬಾರದು, ಗೊತ್ತು.
ಆದರೂ ಆ ಮೂರು ಕೆ.ಜಿ. ವಾಪಸು ಕೊಡದೆ
ಮನೆಗೆ ಬಂದೆ.

ಎಂಟು ದಿನ ಅಡುಗೆಮನೆಯ ಡಬ್ಬಿಗಳನ್ನು ತೊಳೆದೆ,
ತೊಳೆದ ಡಬ್ಬಿಗಳನ್ನೇ ಮತ್ತೆ ತೊಳೆದೆ.
ಒಂಬತ್ತನೇ ದಿನ ಚೀಟಿ ಪುಸ್ತಕ ತೆಗೆದೆ.
ಗಾಡಿ ಸಂಖ್ಯೆ ಎಂಬಲ್ಲಿ ಕಂಪನಿಯ ಹೆಸರು,
ಸರಕು ಎಂಬಲ್ಲಿ ಏನು ಕೆಲಸ,
ಒಟ್ಟು ತೂಕ: ಕೊಡುತ್ತೇವೆಂದ ಸಂಬಳ,
ಖಾಲಿ ತೂಕ: ಊಟ, ಸಂಜೆ ಮಗಳನ್ನು ಕರೆತರುವ ಆಟೋ.
ಕಳೆದರೆ ನಿವ್ವಳ.
ಕೆಲವಕ್ಕೆ ನಿವ್ವಳವೇ ಇರಲಿಲ್ಲ,
ಹೋಗುವ ಮೊದಲೇ ಹರಿದೆ.

ಸೋಮವಾರ ನರಸಾಪುರ, ಗೇಟಿನಿಂದ ಗೇಟಿಗೆ.
ಬುಧವಾರ ಮಾಲೂರು.
ಶುಕ್ರವಾರ ಎಲ್ಲಿಗೂ ಇಲ್ಲ, ಫೋನು,
ಹನ್ನೆರಡರಿಂದ ಎರಡು.
ಹಸಿದ ಮನುಷ್ಯರು ಒಳ್ಳೆಯವರಿರುವುದಿಲ್ಲ ಅಂತ ತಿಳಿದ ಮೇಲೆ
ಮೂರರಿಂದ ಐದು.

ಡೂಮ್ ಲೈಟ್ ಸರ್ಕಲ್ಲಿನ ಜೆರಾಕ್ಸ್ ಹುಡುಗ
ನನ್ನ ಬದುಕನ್ನು ಒಂದು ಹಾಳೆಗೆ ಇಳಿಸಲು
ನಲವತ್ತು ರೂಪಾಯಿ ಕೇಳಿದ.
'ನಿಮ್ಮ ಸ್ಪೆಷಲ್ ಏನಕ್ಕ?'
ಎಂಜಿನ್ನಿನ ಏದುಸಿರು ಕೇಳಿ ಲೋಡು ಹೇಳುತ್ತೇನೆ,
ಇನ್ನೂರು ಕೆ.ಜಿ. ಅತ್ತಿತ್ತ.
ಕ್ಲೀನರು ಕೆಳಗಿಳಿಯದೆ ಹಿಂದೆ ಮಲಗಿದ್ದರೆ
ಮುಖ ನೋಡಿಯೇ ಗೊತ್ತಾಗುತ್ತದೆ, ಡ್ರೈವರಿನದು.
ಅವನು ಯೋಚಿಸಿ ಯೋಚಿಸಿ
'ಹಾರ್ಡ್ ವರ್ಕಿಂಗ್' ಎಂದು ಟೈಪು ಮಾಡಿದ.
ಅಳಿಸು ಅಂದೆ. ನಾನು ಹೇಳಿದ್ದನ್ನು ಹಾಗೇ ಹಾಕು.
'ಕನ್ನಡದಲ್ಲಾ?'
ಕನ್ನಡದಲ್ಲೇ.
ಹತ್ತು ರೂಪಾಯಿ ಜಾಸ್ತಿಯಾಯಿತು.

ಐದು ವಾರ, ನಲವತ್ತು ಚೀಟಿ.
ಮಗಳು ಮಲಗಿದ ಮೇಲೆ ನೆಲದ ಮೇಲೆ ಹರಡಿದೆ.
ಸೆಕ್ಯೂರಿಟಿ ಕೈಗೆ ಕೊಟ್ಟು ಬಂದವು ಇಪ್ಪತ್ತಾರು,
ಉತ್ತರ ಸೊನ್ನೆ.
ಏಜೆನ್ಸಿಯವು ಒಂಬತ್ತು,
ಮೊದಲು ದುಡ್ಡು ಕಟ್ಟಿ ಎಂದವರು ಏಳು.
ಡ್ರೈವರುಗಳು ಹೇಳಿ ಹೋದದ್ದು ಐದೇ ಐದು,
ಮೂರು ಕಡೆ ಒಳಗೆ ಕೂರಿಸಿ ನೀರು ಕೊಟ್ಟರು.

ನರಸಾಪುರದ ಸೋಮವಾರವನ್ನು ಅಲ್ಲೇ ಹೊಡೆದುಹಾಕಿದೆ.

ಫೋನಿನಲ್ಲಿ ನೂರ ಹನ್ನೆರಡು ಡ್ರೈವರುಗಳಿದ್ದರು.
ಎಷ್ಟೋ ಜನರ ಹೆಸರು ಕೇಳಿಯೇ ಇರಲಿಲ್ಲ,
'ಹಸಿರು ಟಾರ್ಪಾಲು', 'ಮದನಪಲ್ಲಿ ಹಲ್ಲುನೋವು'
ಅಂತ ಉಳಿಸಿಕೊಂಡಿದ್ದೆ.
ದಿನಕ್ಕೆ ಆರು ಜನ.
ಕೆಲಸ ಕೊಡಿಸಿ ಅನ್ನಲಿಲ್ಲ.
ಎಲ್ಲೆಲ್ಲಿ ತೂಗಿಸುತ್ತೀರಿ,
ಯಾವ ಕಾಟಾದ ಮುಂದೆ ಲಾರಿಗಳು ಕಾಯುತ್ತವೆ,
ಯಾಕೆ, ಅಂತ ಕೇಳಿದೆ.

ಮದನಪಲ್ಲಿ ಹಲ್ಲುನೋವಿನ ಹೆಸರು ಇಮ್ತಿಯಾಜ್ ಅಂತೆ,
ಹನ್ನೊಂದು ವರ್ಷ ಆದಮೇಲೆ ತಿಳಿಯಿತು.
ಹಲ್ಲು ಕೀಳಿಸಿ ಆರಾಮಾಗಿದ್ದಾನೆ.
ಟೇಕಲ್ ಹತ್ತಿರದ ಜಲ್ಲಿ ಕ್ರಷರಿನ ದಾರಿ ಹೇಳಿದ.

ಇಲ್ಲಿ ಮ್ಯಾನೇಜರು ನನ್ನ ಹಾಳೆಯ
ಕನ್ನಡದ ಸಾಲನ್ನು ಎರಡು ಸಲ ಓದಿದರು.
ಹೊರಗೆ ಟಿಪ್ಪರೊಂದು ಏರು ಹತ್ತುತ್ತಿತ್ತು.
'ಇದು ಎಷ್ಟಮ್ಮ?'
ಕಿಟಕಿಗೆ ಬೆನ್ನು ಮಾಡಿ ಹೇಳಿದೆ.
ನಗದೆ, ಮೀಟರು ನೋಡಲು ಎದ್ದುಹೋದರು.

ತೊಡೆಯ ಮೇಲೆ ಚೀಟಿ ಪುಸ್ತಕ.
ಬಸ್ಸು: ಸೊನ್ನೆ, ಹೆಂಗಸಾದ್ದರಿಂದ.
ಊಟ: ಬುತ್ತಿ.
ಮಗಳ ಆಟೋ: ತಿಂಗಳಿಗೆ ಆರುನೂರು.
ನಿವ್ವಳದ ಜಾಗ ಬಿಟ್ಟಿದ್ದೇನೆ.
ಪೆನ್ನಿಗೆ ಮುಚ್ಚಳ ಹಾಕಿಲ್ಲ.