ಮಾಲು ಗಿರಾಕಿಯದು

ಜುವಾರಿನಗರ, ಬಿರ್ಲಾ ಸರ್ಕಲ್ ದಾಟಿ, ತಗಡಿನ ಕೆಳಗ
ನನ್ನ ವೆಲ್ಡಿಂಗ್ ಅಂಗಡಿ. ಮಧ್ಯಾಹ್ನ ಎರಡರ ಬಿಸಿಲು.
ಸಿಸ್ಟರ್ ಎರ್ಮೆಲಿಂದಾ ಸ್ಕೂಟರ್ ನಿಲ್ಲಿಸಿದ್ರು,
ಡಿಕ್ಕಿಯಿಂದ ಹಳೇ ಟವೆಲ್ಲು ತಗದ್ರು,
ಟವೆಲ್ಲಿನೊಳಗ ಗೇಣುದ್ದ ಕಬ್ಬಿಣ.

"ಮೋನೆಸ್, ನಮ್ಮ ಕಪೇಲಿನ ಗೇಟು ಕುಂಟತೈತಿ.
ಇದರಾಗ ತಿರುಗಣಿ ಗೂಟ ಮಾಡಿಕೊಡ್ತಿ ಏನು?"
ನಮ್ಮ ಕೂಲಿ ಲೈನಿನ ಹುಡುಗರಿಗೆ ಅಕ್ಷರ ಹಚ್ಚತ ಹಚ್ಚತ
ಕಲಿತ ಕನ್ನಡ ಅವರದು. ಮೌನೇಶ ಅನ್ನೂದು ಇನ್ನೂ ಬರಂಗಿಲ್ಲ.

ಕೈಯಾಗ ಹಿಡದೆ. ತೂಕ ಬ್ಯಾರೆ.
ಬೆಳಕಿಗೆ ಎತ್ತಿ ಒಂದ ಕಣ್ಣು ಮುಚ್ಚಿ ನೋಡಿದೆ:
ಒಳಗ ಸುರುಳಿ ಸುರುಳಿ ಗೀರು,
ಕೂದಲೆಳಿಯಷ್ಟು ಹೆಚ್ಚಿಲ್ಲ, ಕಡಿಮಿಲ್ಲ.
ಇದನ್ನ ಕೊರದವ ನನ್ನಂಥವನ.
ಅವನಿಗೂ ಒಬ್ಬ ಗುರು ಇದ್ದಿರಬೇಕು, ಕೈ ತಪ್ಪಿದಾಗ ಕುಟ್ಟಿದವ;
ಅವನೂ ಹನ್ನೆರಡೂವರಿಗೆ ಕೈ ತೊಳೆದು
ಬುತ್ತಿ ಬಿಚ್ಚಿರಬೇಕು.

"ಬಂದೂಕಿನ ನಳಿಗಿ ಇದು," ಅಂದೆ.
"ಹೌದು," ಅಂದ್ರು,
ಬಂಗಡೆ ಮೀನಿನ ರೇಟು ಹೇಳಿದ ಹಾಂಗ.

ಮೊಜಾಂಬಿಕದಾಗ ಹದಿನಾರು ವರ್ಷ
ತಮ್ಮತಮ್ಮೊಳಗ ಬಡದಾಡಿದ್ರಂತ.
ಸಹಿ ಆತು, ಮಂದಿ ಮನೀಗೆ ಬಂದ್ರು,
ಬಂದೂಕು ಮಾತ್ರ ಜೋಳದ ಕಣಜದಾಗ, ಬಾವಿಕಟ್ಟಿ ಬುಡಕ್ಕ,
ಸತ್ತವರ ಮಗ್ಗಲಾಗ ಹೂತು ಕುಂತಿದ್ವಂತ
ಮಳಿ ಕಾಯೋ ಬೀಜದ ಹಾಂಗ.
ಆಗ ಇಗರ್ಜಿಯವರು ಅಂಗಳದಾಗ ಒಂದು ಮೇಜು ಹಾಕಿದ್ರು.
ಬಂದೂಕು ತಂದವರಿಗೆ ಗುದ್ದಲಿ,
ಇನ್ನೂ ಹೆಚ್ಚು ತಂದ್ರ ಹೊಲಿಗಿ ಮಷೀನು.
ಯಾವ ಕಡೆಯವ ಅಂತ ಕೇಳಬಾರದು. ಹೆಸರು ಬರೀಬಾರದು.
ಗೋವಾದಿಂದ ಹೋದ ಇವರಿಗೆ ಆಗ ಇಪ್ಪತ್ತೆಂಟು,
ಲೆಡ್ಜರ್ ಬರಿಯೋದು ಇವರ ಪಾಲಿಗೆ.

"ಒಂದಿನ ಇಬ್ಬರು ಬಂದ್ರು.
ಒಬ್ಬನ ಮನಿ ಇನ್ನೊಬ್ಬ ಸುಟ್ಟಿದ್ದ, ಊರಿಗೆಲ್ಲ ಗೊತ್ತಿತ್ತು.
ಪಾದ್ರಿ ಅಪ್ಪಿಕೋರಿ ಅನ್ನಲಿಲ್ಲ,
ಕ್ಷಮಾ ಅನ್ನೋ ಶಬ್ದಾನ ಬಾಯಿಗೆ ತರಲಿಲ್ಲ.
ಒಬ್ಬ ನಳಿಗಿ ಹಿಡಿ, ಒಬ್ಬ ಕೊಯ್ಯಿ, ಅಂದ್ರು.
ಬ್ಲೇಡು ಮೂರು ಮುರದ್ವು.
ಸಂಜಿಗೆ ಒಂದ ಪಾತೇಲಿ ಗಂಜಿ, ಎರಡು ಚಮಚ.
ಮಾರಿ ನೋಡಲಿಲ್ಲ. ಉಂಡ್ರು.
ಅವತ್ತಿನ ತುಂಡು ಇದು."

ಎಷ್ಟು ಮಂದಿನ್ನ ತಿಂದಿತ್ತು ಸಿಸ್ಟರ್, ಇದು?

ಸ್ಕೂಟರಿನ ಕೀಲಿ ಬೆರಳಾಗ ತಿರುವಿದ್ರು.
"ಬಂದೂಕು ಎಷ್ಟು, ಗುದ್ದಲಿ ಎಷ್ಟು, ಸೂಜಿ ಎಷ್ಟು, ಎಲ್ಲಾ ಬರದೀನಿ.
ಆ ಕಾಲಮ್ಮು ಇರಲಿಲ್ಲ."

ಪೊಳ್ಳು ಗೂಟ ಗೇಟಿನ ಭಾರಕ್ಕ ಬಾಗತೈತಿ.
ಒಳಗ ಒಂದು ಸಳಿ ತೂರಿಸಿ, ಕಾಸಿ, ಬಡದೆ.
ಗೀರಿನ ಮ್ಯಾಲ ಗೀರು ಕಚ್ಚಿತು, ಬಾಯಿ ಮುಚ್ಚಿತು.
ಕೆಂಪಗಾದಾಗ ಎಲ್ಲಾ ಕಬ್ಬಿಣಾನೂ ಒಂದ, ಅಂತಿದ್ದ ನಮ್ಮಪ್ಪ.
ಆರಿದ ಮ್ಯಾಲ ಏನು ಅಂತ
ಹೇಳದ ಹ್ವಾದ.

"ಮ್ಯಾಲ ಶಿಲುಬಿ ಕೆತ್ತಲೇನ್ರಿ? ಇಸವಿ?"
"ಬ್ಯಾಡ. ಕಾಣಬಾರದು ಅದು.
ಹುಡುಗರು ಗೇಟಿಗೆ ಜೋತುಬಿದ್ದು ಜೋಕಾಲಿ ಆಡತಾವ,
ಅವರನ್ನ ತಡದ್ರ ಸಾಕು."

ನೂರೈವತ್ತು ಅಂದೆ, ನೂರಿಪ್ಪತ್ತಕ್ಕ ಇಳಿಸಿದ್ರು.
ಅವರ ಜೋಡಿ ಚೌಕಾಶಿ ಮಾಡಿ ಗೆದ್ದವರಿಲ್ಲ.

ಬಿಲ್ ಬುಕ್ ತಗದೆ.
ತಿರುಗಣಿ ಗೂಟ, ಒಂದು. ಕೂಲಿ, ನೂರಿಪ್ಪತ್ತು.
ಮಾಲು ಯಾರದು ಅನ್ನೂ ಕಡೆ
ಹನ್ನೊಂದು ವರ್ಷದಿಂದ ನೋಡದ ಗೀಚತೀನಿ, ಗಿರಾಕಿಯದು ಅಂತ.
ಇವತ್ತು ಪೆನ್ನು ನಿಂತಿತು.
ಯಾವ ದೇಶದ ಕುಲುಮಿ, ಯಾವ ಹುಡುಗನ ಹೆಗಲು,
ಯಾರ ಮನಿ ಬಾಗಿಲು.

ಹಿಂದ ಅದಿರಿನ ಲಾರಿ ಹಾರ್ನ್ ಹೊಡೀತಿತ್ತು,
ಸ್ಕೂಟರ್ ದಾರಿಗೆ ಅಡ್ಡ.
ಆ ಜಾಗ ಹಾಂಗ ಬಿಟ್ಟು ಹರದು ಕೊಟ್ಟೆ.
ಸಿಸ್ಟರ್ ಓದಿದ್ರು, ನಾಲ್ಕು ಮಡಿಕಿ ಮಾಡಿ
ಟವೆಲ್ಲಿನೊಳಗ ಇಟ್ಕೊಂಡ್ರು.